ಕ್ಯಾರಿಯರ್ ಬಿಚ್ಚಿದ ಸೈಕಲ್

ಅಂದಾನಪ್ಪನ ಸೈಕಲ್ ಅಂಗಡಿಗೆ ಹೋಗಿ ತನ್ನದೇ ಕ್ಯಾರಿಯರನ್ನು ವಾಪಸು ಕೇಳುವುದಕ್ಕೆ ಇಷ್ಟೊಂದು ನಾಚಿಕೆ ಯಾಕಾಗಬೇಕು ಎಂದು ಸಕ್ರಪ್ಪ ಬೆಟಗೇರಿಯ ಓಣಿ ದಾಟುವ ತನಕ ತನ್ನನ್ನೇ ಬೈದುಕೊಂಡ. ರವಿವಾರದ ಬೆಳಗು. ಎರಡೂ ಕಡೆಯ ಮನೆಗಳಿಂದ ಮಗ್ಗದ ಸಪ್ಪಳ ಬರುತ್ತಿತ್ತು. ಸೈಕಲ್ಲನ್ನು ಹತ್ತದೆ ಕೈಯಲ್ಲಿ ಹಿಡಿದು ತಳ್ಳಿಕೊಂಡು ಹೊರಟಿದ್ದ. ಹತ್ತಿದರೆ ಅಂಗಡಿ ಜಲ್ದಿ ಬಂದುಬಿಡುತ್ತದೆ, ಆಮೇಲೆ ಬಾಯಿ ಬಿಟ್ಟು ಕೇಳಲೇಬೇಕಾಗುತ್ತದೆ. ಕೇಳುವುದರಲ್ಲೇನಿದೆ? ಹೆಂಡತಿ ಅಮೃತವ್ವನನ್ನು ಮುಳಗುಂದಕ್ಕೆ ಕರೆದೊಯ್ಯಬೇಕು. ಅವಳ ತವರಿನಲ್ಲಿ, ತೀರಿಹೋದ ಅವ್ವನ ಸೀರೆಗಳನ್ನೆಲ್ಲ ಕೂಡಿಸಿ ಕೌದಿ ಹೊಲಿಯುತ್ತಿದ್ದಾರೆ. ನೀನೂ ಬಂದು ನಾಲ್ಕು ಹೊಲಿಗೆ ಹಾಕು ಎಂದು ಅಣ್ಣನ ಹೆಂಡತಿ ಕಳಕವ್ವ ಹೇಳಿಕಳಿಸಿದ್ದಾಳೆ. ಅವಳು ಹಿಂದೆ ಕೂಡಲು ಕ್ಯಾರಿಯರ್ ಬೇಕು, ಇಷ್ಟೇ. ಬರುವ ಗುರುವಾರ ಸೈಕಲ್ ರೇಸ್ ಇದೆ ಎನ್ನುವುದನ್ನು ಬಿಟ್ಟರೆ ಇದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ. ಆದರೆ ನಿನ್ನೆ ಅಮೃತವ್ವ ಕೌದಿಯ ಸುದ್ದಿ ಹೇಳಿದ ರೀತಿ ನೆನಪಾದರೆ ಅವನ ಹೆಜ್ಜೆ ಇನ್ನೂ ನಿಧಾನವಾಗುತ್ತಿತ್ತು. ಬಸ್ಸಿಗೆ ಹೋಗ್ತೀನಿ ಎಂದಿದ್ದಳು. ನೀವೂ ಬರ್ತೀರೇನು ಎಂದಲ್ಲ, ಬರಬ್ಯಾಡ್ರಿ ಎಂದೂ ಅಲ್ಲ. ಬ್ಯಾಡ, ಸೈಕಲ್ ಮ್ಯಾಲ ಹೋಗೂಣು ಎಂದು ಇವನು ಅಂದಾಗ ಅವಳು ಇವನ ಮುಖ ನೋಡಲಿಲ್ಲ; ಗೋಡೆಗೆ ಒರಗಿಸಿದ್ದ ಸೈಕಲ್ಲಿನ ಹಿಂದಿನ ಗಾಲಿಯನ್ನು ನೋಡಿದಳು.

ಸೈಕಲ್ ಅವಳ ತವರಿನದೇ. ಮದುವೆಯಲ್ಲಿ ಅಳಿಯನಿಗೆ ಗಡಿಯಾರ ಕೊಡುವುದೋ ಸೈಕಲ್ಲೋ ಎಂಬ ಮಾತು ಬಂದಾಗ, ಗಡಿಯಾರದ ಮೇಲೆ ನನ್ನ ಮಗಳು ಕೂತು ಬರಲಿಕ್ಕಾಗುತ್ತದೇನು ಎಂದು ಅತ್ತೆ ದೇವವ್ವ ಎಲ್ಲರ ಬಾಯಿ ಮುಚ್ಚಿಸಿದ್ದಳು. ಸೈಕಲ್ಲಿನ ಸಂಗಡ ಬಂದ ತೆಳ್ಳನೆಯ ಕ್ಯಾರಿಯರ್ ಆಕೆಗೆ ಸರಿಬರಲಿಲ್ಲ. ಇದರ ಮೇಲೆ ಮಂದಿ ಕೂಡುತ್ತಾರೋ ಗುಬ್ಬಿ ಕೂಡುತ್ತದೋ ಎಂದು, ಮುಳಗುಂದದ ಕಮ್ಮಾರನ ಮುಂದೆ ತಾನೇ ಕೂತು ದಪ್ಪ ಕಬ್ಬಿಣದ್ದು ಮಾಡಿಸಿದ್ದಳು. ಅದರ ಮೇಲೆ ಹಾಸಲು ಹಳೆಯ ಸೀರೆಯ ಚೂರುಗಳನ್ನು ಒಂದರ ಮೇಲೊಂದು ಇಟ್ಟು ಪುಟ್ಟ ಕೌದಿ ಹೊಲಿದು, ನಾಲ್ಕು ಮೂಲೆಗೂ ಕಟ್ಟುವ ಕಸಿ ಹಚ್ಚಿ ಕೊಟ್ಟಿದ್ದಳು. ಅವರಿಬ್ಬರೂ ಮುಳಗುಂದಕ್ಕೆ ಹೋದಾಗಲೆಲ್ಲ ದೇವವ್ವ ಗಾಲಿಯ ಟಿಕ್ ಟಿಕ್ ಸಪ್ಪಳದ ಮೇಲೆಯೇ ಗುರುತು ಹಿಡಿದು ತಂಬಿಗೆ ನೀರಿನೊಂದಿಗೆ ಬಾಗಿಲಿಗೆ ಬರುತ್ತಿದ್ದಳು. ಆರಾಮ ಇದ್ದೀಯಾ ಎಂದು ಕೇಳುವುದಕ್ಕಿಂತ ಮೊದಲು, ನಿಧಾನಕ ಇಳಿ ಮಗಳ, ಕಾಲು ಜೋಮು ಹಿಡಿದಿರ್ತಾವ ಎನ್ನುತ್ತಿದ್ದಳು. ಅಷ್ಟು ದೂರ ಕಾಲು ಇಳಿಬಿಟ್ಟುಕೊಂಡು ಬಂದ ಅಮೃತವ್ವನಿಗೆ ಖರೆಯೇ ಜೋಮು ಹಿಡಿದಿರುತ್ತಿತ್ತು. ಸೀಟು ಹಿಡಿದುಕೊಂಡು ಕಾಲು ಕೊಡವುತ್ತ, ಅಯ್ಯಯ್ಯ ಎಂದು ನಗುತ್ತ ಅವಳು ನಿಲ್ಲುವುದು, ತಂಬಿಗೆ ಹಿಡಿದ ತಾಯಿ ಕಾಯುವುದು, ಇವನು ಆ ಇಬ್ಬರ ನಡುವೆ ಹ್ಯಾಂಡಲ್ ಹಿಡಿದು ಪೆದ್ದನ ಹಾಗೆ ನಿಲ್ಲುವುದು. ಆಗ ಅದು ಬೇಸರ ಅನ್ನಿಸುತ್ತಿತ್ತು. ಒಳಗೆ ಹೋಗಬಾರದೇ, ಬಿಸಿಲು ಸುಡುತ್ತದೆ ಎಂದು ಮನಸ್ಸಿನಲ್ಲೇ ಗೊಣಗುತ್ತಿದ್ದ.

ಸೈಕಲ್ಲನ್ನು ಹಗುರ ಮಾಡುವ ಹುಚ್ಚು ಹಿಡಿದದ್ದು ಈ ವರ್ಷದ ಮಳೆಗಾಲದಲ್ಲಿ. ನವೆಂಬರ ಒಂದಕ್ಕೆ ಕನ್ನಡ ನಾಡೆಲ್ಲ ಒಂದಾಗುತ್ತದೆ ಎಂದು ಖಚಿತವಾದ ಕೂಡಲೇ ಊರಿನ ಹಿರಿಯರು ಏನೇನೋ ಯೋಚಿಸಿದರು. ಸಂಜೆ ಅಂದಾನಪ್ಪನ ಅಂಗಡಿಯ ಕಟ್ಟೆಯ ಮೇಲೆ ಕೂಡುತ್ತಿದ್ದ ಸೈಕಲ್ಲಿನ ಗೆಳೆಯರು ರೇಸ್ ಯೋಚಿಸಿದರು. ಗದಗಿನಿಂದ ಮುಳಗುಂದ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಸುತ್ತಿ ಬಳಸಿ ತಿರುಗಿ ಗದಗ. ಮೊದಲು ಲಕ್ಷ್ಮೇಶ್ವರ ಮಿರಜ ಸಂಸ್ಥಾನದವರ ಕೈಯಲ್ಲಿತ್ತು, ಶಿರಹಟ್ಟಿ ಸಾಂಗಲಿಯವರ ಕೈಯಲ್ಲಿ, ಮುಂಡರಗಿ ದಾಟಿದರೆ ನಿಜಾಮ. ನಮ್ಮ ಕಾಲದಲ್ಲಿ ಒಂದು ಸುತ್ತು ಹಾಕುವುದರೊಳಗೆ ಎಷ್ಟು ಮಂದಿ ಪೊಲೀಸರಿಗೆ ಸಲಾಮು ಹೊಡೆಯಬೇಕಿತ್ತು ಎಂದು ಅಂದಾನಪ್ಪ ನಗುತ್ತಿದ್ದ. ಅವನು ಹಳೆಯ ಪೈಲವಾನ. ಕಿವಿ ಎರಡೂ ಮುದುಡಿವೆ. ಗರಡಿಯಲ್ಲಿ ಕಲಿತದ್ದನ್ನೆಲ್ಲ ಸೈಕಲ್ಲಿಗೆ ಹಚ್ಚಿ ಹೇಳುತ್ತಿದ್ದ. ನೆನೆಸಿದ ಶೇಂಗಾ ಬೆಲ್ಲ ತಿನ್ನು, ತೊಡೆಗೆ ಕುಸುಬಿ ಎಣ್ಣೆ ತಿಕ್ಕು, ದಮ್ಮು ಹತ್ತಿದಾಗ ನೀರು ಕುಡಿಯಬೇಡ, ಎದುರು ಗಾಳಿಗೆ ಬೆನ್ನು ಬಗ್ಗಿಸು, ಎದೆ ಕೊಡಬೇಡ. ಬೇರೆಯವರೂ ಸುಮ್ಮನೆ ಇರುತ್ತಿರಲಿಲ್ಲ. ಹಿಂದಿನ ಚಕ್ರಕ್ಕೆ ಹಲ್ಲು ಕಡಿಮೆ ಇದ್ದರೆ ಸಪಾಟು ದಾರಿಗೆ ಒಳ್ಳೆಯದು, ಏರಿಗೆ ಕೆಟ್ಟದ್ದು ಎಂದು ಒಬ್ಬ. ಟಾಯರು ಸಣ್ಣದು ಬೇಕೆಂದು ಇನ್ನೊಬ್ಬ. ಎರೆಮಣ್ಣು ಸಿಕ್ಕಿ ಗಾಲಿ ನಿಂತುಬಿಡುತ್ತದೆ, ಮಡಗಾರ್ಡ ಮೊದಲು ತೆಗೆ ಎಂದು ಮತ್ತೊಬ್ಬ. ಸಕ್ರಪ್ಪ ಎಲ್ಲರ ಮಾತನ್ನೂ ಕೇಳಿದ. ಹ್ಯಾಂಡಲ್ ತಿರುವಿ ಹಾಕಿಸಿ ಬಗ್ಗಿ ಕೂಡುವಂತೆ ಮಾಡಿಸಿದ. ಚೈನಿನ ಮುಚ್ಚಳ ಹೋಯಿತು, ಮಡಗಾರ್ಡ ಹೋಯಿತು, ಗಂಟೆ ಹೋಯಿತು, ಸ್ಟ್ಯಾಂಡ್ ಹೋಯಿತು. ಕೊನೆಗೆ ಅಂದಾನಪ್ಪ ಕ್ಯಾರಿಯರಿಗೆ ಕಾಲು ತಗುಲಿಸಿ, ಇದೇನು ಎತ್ತಿನ ಗಾಡಿಯೇನು ಎಂದ.

ಅಡತಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದ ಸಕ್ರಪ್ಪ ಬಿಚ್ಚಿದ ಸಾಮಾನನ್ನೆಲ್ಲ ಹತ್ತಿ ತೂಗುವ ತಕ್ಕಡಿಯಲ್ಲಿ ಇಟ್ಟು ತೂಗಿ ನೋಡಿದ್ದ. ಉಳಿದದ್ದೆಲ್ಲ ಸೇರಿದರೂ ಅತ್ತೆ ಮಾಡಿಸಿದ ಕ್ಯಾರಿಯರಿಗೆ ಸಮವಾಗಲಿಲ್ಲ. ಆ ಸಂಜೆ ಮನೆಗೆ ಬಂದು ಎಷ್ಟು ತೂಕ ಉಳಿಯಿತು ಎಂದು ಹುರುಪಿನಿಂದ ಹೇಳಿದ. ರೊಟ್ಟಿ ಬಡಿಯುತ್ತಿದ್ದ ಅಮೃತವ್ವ, ಹಂಗಾರ ನಾ ಎಷ್ಟ ತೂಕ ಅದೀನಿ ಎಂದು ಕೇಳಿದ್ದಳು. ನಗುತ್ತಲೇ ಕೇಳಿದ್ದಳು, ಇವನೂ ನಕ್ಕಿದ್ದ. ಅವ್ವನನ್ನು ನೋಡಿಕೊಂಡು ಬರೋಣ ಎಂದು ಶ್ರಾವಣದಲ್ಲಿ ಅವಳು ಅಂದಾಗ, ರೇಸ್ ಮುಗೀಲಿ ಎಂದ. ಭಾದ್ರಪದದಲ್ಲೂ ಅದೇ ಅಂದ. ಅಷ್ಟರಲ್ಲಿ ಅವನು ಮನೆಯ ಮುಂದಿನ ಕಟ್ಟೆಯ ಮೇಲೆ ಮಲಗತೊಡಗಿದ್ದ. ತಾಲೀಮು ಮಾಡುವವನು ಹೆಂಡತಿಯ ಹಾಸಿಗೆಗೆ ಹೋಗಬಾರದು, ಕಸುವೆಲ್ಲ ಕಾಲಿನಿಂದ ಇಳಿದುಹೋಗುತ್ತದೆ ಎಂಬುದು ಅಂದಾನಪ್ಪನ ಗರಡಿಯ ಕಟ್ಟಳೆ. ಇದನ್ನು ಹೆಂಡತಿಗೆ ಹೇಗೆ ಹೇಳುವುದು? ಸೆಖೆ ಎಂದಿದ್ದ. ಮಳೆ ಹನಿಯುತ್ತಿತ್ತು. ಅವಳು ಹೊದಿಕೆ ತಂದು ಕಟ್ಟೆಯ ಮೇಲಿಟ್ಟು ಹೋದಳು. ಆ ಹೊದಿಕೆಯನ್ನು ನೆನೆದರೆ ಈಗಲೂ ಅವನಿಗೆ ಮೈ ಮುದುಡಿದಂತಾಗುತ್ತದೆ. ಎಂಥ ದಡ್ಡತನ, ಎಂಥ ದಡ್ಡ ಹಟ.

ಅಂಗಡಿಯ ಮುಂದೆ ಗೆಳೆಯ ಹೇಮಪ್ಪ ಮತ್ತು ಇನ್ನಿಬ್ಬರು ಗಾಳಿ ಹೊಡೆಯುತ್ತ ನಿಂತಿದ್ದರು. ಇವತ್ತು ಮಧ್ಯಾಹ್ನ ಲಕ್ಷ್ಮೇಶ್ವರದ ತನಕ ಹೋಗಿ ಬರುವುದೆಂದು ಮಾತಾಗಿತ್ತಂತೆ, ಸಕ್ರಪ್ಪನ ದಾರಿಯನ್ನೇ ಕಾಯುತ್ತಿದ್ದರಂತೆ. ಅವನು ಕ್ಯಾರಿಯರ್ ಎಂಬ ಶಬ್ದವನ್ನು ಎರಡು ಸಲ ಹೇಳಬೇಕಾಯಿತು. ಹೇಮಪ್ಪ ಪಂಪಿನ ಮೇಲೆ ಕೈ ಇಟ್ಟುಕೊಂಡೇ ನಕ್ಕ; ಅವನು ಕೆಟ್ಟವನಲ್ಲ, ಚೇಷ್ಟೆಯವನು, ಓಡಿಸುವುದರಲ್ಲಿ ಸಕ್ರಪ್ಪನಿಗೆ ಸರಿಜೋಡಿ. ಅಂದಾನಪ್ಪ ನಗಲಿಲ್ಲ.

'ನಾಕ ದಿವ್ಸ ತಡಿಯಲೇ ಸಕ್ರಾ,' ಎಂದ. 'ರೇಸ್ ಮುಗೀಲಿ. ನಾನ ಹಚ್ಚಿ ಕೊಡ್ತೀನಿ.'

ತನ್ನದೇ ಮಾತು ಇನ್ನೊಬ್ಬನ ಬಾಯಿಂದ ಬಂದಾಗ ಅದು ಎಷ್ಟು ಸಹಜವಾಗಿ ಕೇಳಿಸುತ್ತದೆ, ಅದರಲ್ಲಿ ಎಷ್ಟು ನ್ಯಾಯ ಇದ್ದಂತಿದೆ ಎಂದು ಸಕ್ರಪ್ಪನಿಗೆ ಗಾಬರಿಯಾಯಿತು. ನಾ ರೇಸಿಗೆ ಬರಾಂಗಿಲ್ಲರಿ ಎಂದುಬಿಟ್ಟ. ಹೀಗೆ ಹೇಳಬೇಕೆಂದು ಮನೆಯಿಂದ ಹೊರಡುವಾಗ ಅವನು ಯೋಚಿಸಿರಲಿಲ್ಲ. ಅಂದಾನಪ್ಪ ಒಳಗೆ ಹೋಗಿ ಮೂಲೆಯಿಂದ ಕ್ಯಾರಿಯರ್ ತಂದ, ನಟ್ಟು ಬಿಗಿಯುವ ಪಾನಾ ಹಿಡಿದು ಕುಕ್ಕರಗಾಲಿನಲ್ಲಿ ಕೂತ. ಅದರ ಮೇಲಿನ ಕೌದಿ ಎಲ್ಲಿ ಎಂದು ಕೇಳಿದಾಗ ಮಾತ್ರ ತಲೆ ಎತ್ತಿ ಗೋಡೆ ತೋರಿಸಿದ. ಮೊಳೆಗೆ ಒಂದು ಕರಿ ಅರಿವೆ ತೂಗುತ್ತಿತ್ತು. ಚೈನು ಒರೆಸುವ ಅರಿವೆ. ಒಂದು ಮೂಲೆಯಲ್ಲಿ ಕಸಿ ಇನ್ನೂ ಇತ್ತು. 'ಅರಿವಿ ಅಂತ ತಿಳದಿದ್ವಿ. ನೀನ ಇಲ್ಲಿ ಒಗದು ಹೋಗಿದ್ದಿ,' ಎಂದ ಅಂದಾನಪ್ಪ, ಈ ಸಲ ತುಸು ಮೆತ್ತಗೆ. ಖರೆ. ಕ್ಯಾರಿಯರ್ ಬಿಚ್ಚಿದ ದಿನ ಮೊದಲು ಎಣ್ಣೆಯ ಕೈ ಒರೆಸಿಕೊಂಡವನು ಅವನೇ. ಹಸಿರಿತ್ತು, ಕೆಂಪಿತ್ತು, ದೇವವ್ವ ಉಡುತ್ತಿದ್ದ ಚಿಕ್ಕಿ ಚಿತ್ತಾರದ ಸೀರೆಯ ತುಂಡೊಂದು ನಡುವೆ ಇತ್ತು. ಈಗ ಯಾವುದು ಎಲ್ಲಿತ್ತೆಂದು ಬೆರಳಿಟ್ಟು ಹೇಳಲಾಗದು.

ಪಾನಾ ತಿರುಗುವ ಸಪ್ಪಳ ಕೇಳುತ್ತ ನಿಂತವನಿಗೆ, ಎಷ್ಟು ಸ್ವಲ್ಪ ಹೊತ್ತಿನ ಕೆಲಸ ಇದು ಅನ್ನಿಸಿತು. ಒಂದು ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು. ಅತ್ತೆ ತೀರಿಹೋದ ಆ ದಿನ ಮುಳಗುಂದದಿಂದ ಬಂದ ಬಸ್ಸಿನಲ್ಲಿ ಯಾರೋ ಖಬರ ತಂದಿದ್ದರು, ದೇವವ್ವನಿಗೆ ಎದೆ ಹಿಡಿದುಕೊಂಡಿದೆ, ಮಗಳನ್ನು ನೋಡಬೇಕು ಅಂತಿದ್ದಾಳೆ ಎಂದು. ಆ ಕಡೆಗೆ ಇನ್ನು ಬಸ್ಸಿರಲಿಲ್ಲ. ಅಮೃತವ್ವ ಗಂಟು ಕಟ್ಟಿಕೊಂಡು ಬಾಗಿಲಿಗೆ ಬಂದು ಸೈಕಲ್ಲಿನ ಹತ್ತಿರ ನಿಂತಳು. ಆಮೇಲೆ, ನಾ ಎಲ್ಲಿ ಕುಂಡ್ರಲಿ ಎಂದಳು. ಬೈಗುಳ ಅಲ್ಲ, ಖರೇನೇ ಕೇಳಿದಳು, ಗಂಡನಿಗೆ ಏನಾದರೂ ಉಪಾಯ ಗೊತ್ತಿರಬಹುದೆಂದು. ಗೊತ್ತಿತ್ತು. ಅದೇ ಅವನನ್ನು ಈಗ ತಿನ್ನುತ್ತಿರುವುದು. ಅಂದಾನಪ್ಪನ ಅಂಗಡಿ ತೆರೆದಿತ್ತು, ಕ್ಯಾರಿಯರ್ ಅಲ್ಲೇ ಮೂಲೆಯಲ್ಲಿತ್ತು. ಅದೂ ಬೇಡವೆಂದರೆ ಬಾಡಿಗೆ ಸೈಕಲ್ಲುಗಳು ಕ್ಯಾರಿಯರ್ ಸಮೇತ ಸಾಲಾಗಿ ನಿಂತಿದ್ದವು. ಎಲ್ಲವೂ ಆ ಕ್ಷಣದಲ್ಲೇ ಹೊಳೆದಿತ್ತು. ಹೊಳೆದದ್ದನ್ನು ಅವನು ಹೇಳಲಿಲ್ಲ. ನೀ ಮುಂಜಾನೆ ಬಸ್ಸಿಗೆ ಬಾ, ನಾ ಈಗ ಓಡಿಹೋಗಿ ನೋಡ್ತೀನಿ, ಹೊತ್ತು ಕಳೆಯುವುದು ಬೇಡ ಎಂದ. ಹೊತ್ತು ಕಳೆಯಬಾರದು ಎನ್ನುವುದು ಸುಳ್ಳಲ್ಲ. ಆದರೆ ಹಗುರಾದ ಆ ಸೈಕಲ್ಲನ್ನು ಒಂದು ಕಾರಣಕ್ಕೆ, ನಿಜವಾದ ಅವಸರಕ್ಕೆ ಓಡಿಸಬೇಕೆಂದು ಅವನ ಕಾಲು ಆಗಲೇ ತುಡಿಯುತ್ತಿತ್ತು. ಹೆಂಡತಿಯ ಕಣ್ಣಲ್ಲಿ ನೀರು ನಿಂತಿತ್ತು, ಅದನ್ನು ನೋಡುತ್ತಲೇ ಅವನು ಟಾಯರು ಒತ್ತಿ ಗಾಳಿ ಪರೀಕ್ಷೆ ಮಾಡಿದ್ದ.

ಗಿರಣಿಯ ಸಂಜೆಯ ಭೋಂಗಾ ಕೂಗಿದಾಗ ಹೊರಟವನು ಮುಳಗುಂದದ ದನಗಳು ಊರು ಸೇರುವ ಮುಂಚೆಯೇ ಊರು ಮುಟ್ಟಿದ್ದ. ಅಷ್ಟು ಚಂದ ಅವನು ಎಂದೂ ಓಡಿಸಿರಲಿಲ್ಲ. ಬೆನ್ನಿಗೆ ಗಾಳಿ ಇತ್ತು. ದಾರಿ ತಾನಾಗಿ ಹಿಂದೆ ಹೋಗುತ್ತಿತ್ತು. ಅಸುಂಡಿ ದಾಟಿದ್ದೇ ಗೊತ್ತಾಗಲಿಲ್ಲ. ನಡುದಾರಿಯಲ್ಲಿ ಒಂದು ಕಡೆ ಅವನು ಅತ್ತೆಯನ್ನು ಪೂರಾ ಮರೆತಿದ್ದ, ಉಸಿರು, ತೊಡೆ, ಚೈನು ಮೂರೂ ಒಂದೇ ತಾಳದಲ್ಲಿದ್ದವು, ಅವನಿಗೆ ಖುಷಿಯಾಗಿತ್ತು. ಹೌದು, ಖುಷಿಯೇ. ಅದಕ್ಕೆ ಬೇರೆ ಹೆಸರಿಲ್ಲ. ಮನೆಯ ಮುಂದೆ ಕಾಲು ನಿಲ್ಲಿಸಿದಾಗ ಗಾಲಿ ಟಿಕ್ ಟಿಕ್ ಎಂದಿತು. ಪಡಸಾಲೆಯಲ್ಲಿ ಮಲಗಿದ್ದ ದೇವವ್ವ ಕಣ್ಣು ತೆರೆದು, ಅಳೇರು ಬಂದ್ರು ಎಂದಳು. ಹತ್ತಿರ ಯಾರೂ ಇರಲಿಲ್ಲ. ಕಳಕವ್ವ ಒಲೆಯ ಮುಂದಿದ್ದಳು, ಅವಳ ಗಂಡ ವೈದ್ಯರನ್ನು ಕರೆತರಲು ಹೋಗಿದ್ದ. ಮುದುಕಿಯ ಕಣ್ಣು ಅವನನ್ನು ದಾಟಿ ಬಾಗಿಲಿಗೆ ಹೋಯಿತು.

'ಹಿಂದ ಅದಾಳೇನು?' ಎಂದಳು.

ಅವನ ಬಾಯಿಂದ ಹೂಂ ಎಂದು ಬಂತು. ದೇವವ್ವನ ಮುಖ ಸಡಿಲವಾಯಿತು. ನಿಧಾನಕ ಇಳೀಲಿ, ಕಾಲು ಜೋಮು ಹಿಡಿದಿರ್ತಾವ ಎಂದಳು. ಆಮೇಲೆ ಕಾಯ್ದಳು. ಎದೆ ಏರಿಳಿಯುತ್ತಿತ್ತು, ಕಣ್ಣು ಬಾಗಿಲಿನ ಮೇಲೇ ಇತ್ತು. ಮಗಳ ಕಾಲಿನ ಜೋಮು ಬಿಡಲಿ ಎಂದು ಕಾಯುತ್ತಿದ್ದಳು, ಪ್ರತಿ ಸಲ ಕಾಯುತ್ತಿದ್ದ ಹಾಗೆ. ಇಲ್ಲವ್ವ, ಬಂದಿಲ್ಲ ಎನ್ನಲು ಅವನಿಗೆ ಧೈರ್ಯ ಬರಲಿಲ್ಲ. ನೋಡಿ ಬರ್ತೀನಿ ಎಂದು ಎದ್ದು ಹೋಗಲೂ ಆಗಲಿಲ್ಲ. ಮಗ ವೈದ್ಯರೊಂದಿಗೆ ಬರುವಷ್ಟರಲ್ಲಿ ಕಣ್ಣು ಹಾಗೆಯೇ ನಿಂತುಹೋಗಿತ್ತು. ಮರುದಿನ ಬಸ್ಸಿಳಿದು ಬಂದ ಅಮೃತವ್ವ ಅತ್ತು ಅತ್ತು ಸಾಕಾಗಿ, ನನ್ನ ಕೇಳಿದ್ಲೇನ್ರಿ ಎಂದಳು. ಎಚ್ಚರ ಇರಲಿಲ್ಲ ಎಂದ ಸಕ್ರಪ್ಪ. ಅದು ಹೆಂಡತಿಗೆ ನೋವಾಗದಿರಲಿ ಎಂದು ಹೇಳಿದ ಮಾತೋ ತನ್ನ ಹೂಂ ಯಾರಿಗೂ ತಿಳಿಯದಿರಲಿ ಎಂದು ಹೇಳಿದ್ದೋ, ಎಷ್ಟು ಸಲ ಕೇಳಿಕೊಂಡರೂ ಅವನಿಗೆ ಬಗೆಹರಿದಿಲ್ಲ.

ಸಂಗತಿ ಅಲ್ಲಿಗೇ ನಿಂತಿದ್ದರೆ ಅವನು ಹೇಗೋ ತಾಳಿಕೊಳ್ಳಬಹುದಿತ್ತು. ಆದರೆ ತಿರುಗಿ ಬೆಟಗೇರಿಗೆ ಬಂದ ಸಂಜೆ, ಅಂಗಡಿಯ ಕಟ್ಟೆಯ ಮೇಲೆ, ಎಷ್ಟೊತ್ತಿಗೆ ಮುಟ್ಟಿದೆ ಎಂದು ಯಾರೋ ಕೇಳಿದರು, ಅವನು ಹೇಳಿದ. ಭೋಂಗಾದ ಲೆಕ್ಕ, ದನಗಳ ಲೆಕ್ಕ, ಗಾಳಿ ಯಾವ ಕಡೆಯಿತ್ತೆಂಬುದು ಎಲ್ಲ ಹೇಳಿದ. ಹೇಮಪ್ಪ ಸಿಳ್ಳೆ ಹಾಕಿದ. ಅತ್ತೆಯ ದಿನಕಾರ್ಯಕ್ಕೆ ಮುಳಗುಂದಕ್ಕೆ ಬಂದಾಗ ಅದೇ ಹೇಮಪ್ಪ ಗಂಡಸರ ನಡುವೆ ಕೂತು, ಅತ್ತೆಗಾಗಿ ಜೀವ ಕೈಯಲ್ಲಿ ಹಿಡಿದು ಓಡಿಬಂದ ಅಳಿಯ ಇವನು, ಈ ದಾರಿಯಲ್ಲಿ ಇಷ್ಟು ಜಲ್ದಿ ಯಾರೂ ಬಂದಿಲ್ಲ, ಅವನೇ ನಮಗೆ ಲೆಕ್ಕ ಹೇಳಿದ ಎಂದ. ಹೊಗಳಬೇಕೆಂದೇ ಹೇಳಿದ ಪಾಪ. ಗಂಡಸರು ಹೌದು ಹೌದು ಎಂದು ತಲೆದೂಗಿದರು. ಒಳಗೆ ಹೆಂಗಸರ ಕಡೆ ಬಳೆಯ ಸಪ್ಪಳ ನಿಂತಿತು. ಬಾಗಿಲ ಸಂದಿಯಲ್ಲಿ ಅಮೃತವ್ವನ ಮುಖ ಕಾಣುತ್ತಿತ್ತು. ಅವಳು ಸಿಟ್ಟು ಮಾಡಿಕೊಂಡಿರಲಿಲ್ಲ. ಸಂತೆಯಲ್ಲಿ ಗುರುತಿನವರೆಂದು ಹತ್ತಿರ ಹೋಗಿ ಬೇರೆ ಯಾರೋ ಎಂದು ತಿಳಿದಾಗ ನೋಡುತ್ತೇವಲ್ಲ, ಹಾಗೆ ನೋಡಿದಳು.

ಕ್ಯಾರಿಯರ್ ಹಚ್ಚಿಸಿಕೊಂಡು ಮನೆಗೆ ಬಂದು, ಸೀಗೆಕಾಯಿ ಹಾಕಿ, ಸೋಡಾ ಹಾಕಿ ಕೌದಿಯನ್ನು ತಿಕ್ಕಿದ. ನೀರು ಕಪ್ಪಾಯಿತೇ ಹೊರತು ಕೌದಿಯ ಬಣ್ಣ ತಿರುಗಿ ಬರಲಿಲ್ಲ. ಬಿಸಿಲಿಗೆ ಹಾಕಿ ಆರಿಸಿ, ಅದರಲ್ಲೇ ಚಲೋ ಇದ್ದ ಮಗ್ಗುಲನ್ನು ಮೇಲೆ ಮಾಡಿ ಕ್ಯಾರಿಯರಿಗೆ ಕಟ್ಟಿದ. ಮೂರು ಕಸಿ ಹರಿದಿದ್ದವು, ಸುತಳಿಯಿಂದ ಕಟ್ಟಬೇಕಾಯಿತು. ಅಮೃತವ್ವ ಗಂಟು ಹಿಡಿದು ಬಂದಳು. ನೋಡಿದಳು. ಬೈದಿದ್ದರೆ ಅವನು ಒಂದು ಮಾತು ಹೇಳಬಹುದಿತ್ತು, ಅದಕ್ಕೆಂದು ಕೆಲವು ಮಾತುಗಳನ್ನು ಕೂಡಿಸಿಯೂ ಇಟ್ಟುಕೊಂಡಿದ್ದ. ಅವಳು ಬಗ್ಗಿ ಸುತಳಿ ಬಿಚ್ಚಿದಳು, ಕೌದಿಯನ್ನು ಮಡಚಿ ಗಂಟಿನೊಳಗೆ ಇಟ್ಟುಕೊಂಡಳು, ಬರಿಯ ಕಬ್ಬಿಣದ ಮೇಲೆ ಕೂತಳು. ಮೊದಲೆಲ್ಲ ಅವನ ಸೊಂಟದ ಹತ್ತಿರ ಅಂಗಿ ಹಿಡಿದುಕೊಳ್ಳುತ್ತಿದ್ದವಳು ಈಗ ಸೀಟಿನ ಸ್ಪ್ರಿಂಗು ಹಿಡಿದುಕೊಂಡಳು.

ಆ ಸೈಕಲ್ ಇಬ್ಬರಿಗಾಗಿ ಉಳಿದಿರಲಿಲ್ಲ. ಹಿಂದಿನ ಚಕ್ರದ ಹಲ್ಲು ಕಡಿಮೆ ಮಾಡಿಸಿದ್ದರಿಂದ ಪೆಡಲು ಒತ್ತಿದರೆ ಮಂಡಿ ಕಿತ್ತು ಬರುವಂತಿತ್ತು. ತಿರುವಿದ ಹ್ಯಾಂಡಲಿನಿಂದ ಬೆನ್ನು ಬಗ್ಗಿ, ಹಿಂದಿದ್ದವಳಿಗೆ ಅವನ ಮುಖವಿರಲಿ ತಲೆಯೂ ಕಾಣುವಂತಿರಲಿಲ್ಲ. ಎರಡೂ ಕಡೆ ಜೋಳ ಮೊಣಕಾಲೆತ್ತರ ಬೆಳೆದು ನಿಂತಿತ್ತು. ಈಗ ಹೇಳಬೇಕು ಅಂದುಕೊಂಡ. ಬೆನ್ನು ಮಾಡಿಕೊಂಡು ಹೇಳುವುದು ಸುಲಭ. ಊರು ಬಿಟ್ಟ ಮೇಲೆ, ಆ ಮರ ಬಂದ ಮೇಲೆ, ಅಸುಂಡಿ ದಾಟಿದ ಮೇಲೆ. ಅಸುಂಡಿ ದಾಟಿದಾಗ ಹಿಂದಿನಿಂದ ಚೈನುಗಳ ಸಪ್ಪಳ ಬಂತು. ಹೇಮಪ್ಪ ಮತ್ತು ಗೆಳೆಯರು ಬಗ್ಗಿಕೊಂಡು ಸರ್ರನೆ ಪಕ್ಕಕ್ಕೆ ಬಂದರು. ಹೇಮಪ್ಪ ತಿರುಗಿ ನೋಡಿ, 'ಸಕ್ರಣ್ಣಾ, ಹಿಂದ ಭಾಳ ಭಾರ ಆತೇನೋ?' ಎಂದು ನಕ್ಕ. ಆಮೇಲೆ ಅಮೃತವ್ವನ ಕಡೆ ತಲೆ ಬಗ್ಗಿಸಿ, ಬರ್ತೀವ್ರಿ ಅಕ್ಕಾರ ಎಂದು ಮುಂದೆ ಹೋದ. ಅವರ ಧೂಳು ಇಬ್ಬರ ಮೇಲೂ ಕೂತಿತು. ಸಣ್ಣದೊಂದು ಏರು ಬಂತು. ಇಳೀಲೇನ್ರಿ ಎಂದಳು ಅಮೃತವ್ವ. ಬ್ಯಾಡ ಎಂದ. ಮತ್ತೆ ಅರ್ಧ ಏರಿನಲ್ಲಿ, ಇಳಿತೀನಿ ಬಿಡ್ರಿ, ಭಾರ ಆಗತೈತಿ ಎಂದಳು. 'ಬ್ಯಾಡ ಅಂದ್ನೆಲ್ಲ, ಕುಂಡ್ರ,' ಎಂದ, ಉಸಿರು ಸಾಲದೆ ಅದು ಬೈದಂತೆ ಕೇಳಿಸಿತು. ಹೇಳಬೇಕೆಂದಿದ್ದ ಮಾತು ಅಲ್ಲಿಗೆ ತಪ್ಪಿಹೋಯಿತು.

ಮುಳಗುಂದದ ಮನೆಯ ಮುಂದೆ ಕಾಲೂರಿದಾಗ ಗಾಲಿ ಟಿಕ್ ಟಿಕ್ ಎಂದಿತು. ಬಾಗಿಲು ತೆರೆದಿತ್ತು. ಪಡಸಾಲೆಯ ತುಂಬ ಸೀರೆಗಳನ್ನು ಹಾಸಿ ನಾಲ್ಕಾರು ಹೆಂಗಸರು ಸುತ್ತ ಕೂತು ಹೊಲಿಯುತ್ತಿದ್ದರು. ತಂಬಿಗೆ ಹಿಡಿದು ಯಾರೂ ಹೊರಗೆ ಬರಲಿಲ್ಲ. ಅಮೃತವ್ವ ಇಳಿದವಳು ಒಂದು ಹೆಜ್ಜೆ ಇಟ್ಟು ತಟ್ಟನೆ ವಾಲಿದಳು, ಸೀಟು ಹಿಡಿದುಕೊಂಡಳು.

'ನಿಂದರ್ರಿ ಸ್ವಲ್ಪ,' ಎಂದಳು. 'ಕಾಲ ಜೋಮ ಹಿಡದಾವ.'

ಅವಳು ನಗಲಿಲ್ಲ. ಕಾಲು ಕೊಡವಲೂ ಇಲ್ಲ. ಸಕ್ರಪ್ಪ ಮುಂದಿನ ಗಾಲಿಯನ್ನು ನೋಡುತ್ತ ನಿಂತ. ಈಗ ಹೇಳದಿದ್ದರೆ ಇನ್ನೆಂದೂ ಹೇಳಲಾಗದು ಎಂದು ಅವನಿಗೆ ಗೊತ್ತಾಯಿತು, ಹೇಳಿದರೆ ಇವಳು ಇನ್ನೆಂದೂ ಈ ಕ್ಯಾರಿಯರ್ ಮೇಲೆ ಕೂಡಲಿಕ್ಕಿಲ್ಲ ಎಂದೂ ಗೊತ್ತಾಯಿತು.

'ಅವತ್ತ ನಿಮ್ಮವ್ವಗ ಎಚ್ಚರ ಇತ್ತು,' ಎಂದ. 'ಹಿಂದ ಅದಾಳೇನು ಅಂತ ಕೇಳಿದ್ಲು. ನಾ ಹೂಂ ಅಂದೆ. ನಿಧಾನಕ ಇಳೀಲಿ, ಕಾಲ ಜೋಮ ಹಿಡಿದಿರ್ತಾವ ಅಂದ್ಲು. ಬಾಗಲಾ ನೋಡಕೊಂತ ಹಂಗ ಇದ್ಲು.'

ಅಮೃತವ್ವ ಸೀಟಿನ ಮೇಲಿನ ಕೈ ತೆಗೆಯಲಿಲ್ಲ. 'ಭಾಳ ಹೊತ್ತು ಕಾಯ್ದಳೇನು?' ಎಂದು ಕೇಳಿದಳು. ಅವನು ಹೂಂ ಎಂದ. ಈ ಸಲ ಅದು ನಿಜವಾದ ಹೂಂ.

ಒಳಗಿನಿಂದ ಕಳಕವ್ವ ನೋಡಿ, ಅಲ್ಲೇ ಯಾಕ ನಿಂತೀಯವಾ, ಒಳಗ ಬಾ ಎಂದು ಕರೆದಳು. ಬಂದೆ ಎಂದಳು ಅಮೃತವ್ವ, ಬರಲಿಲ್ಲ. ಹೆಂಗಸರ ಸೂಜಿಗಳು ಏಳುತ್ತಿದ್ದವು, ಇಳಿಯುತ್ತಿದ್ದವು. ಅವಳು ಬಾಗಿಲನ್ನೇ ನೋಡುತ್ತ ನಿಂತಿದ್ದಳು, ತಾಯಿ ಒಳಗಿನಿಂದ ನೋಡಿದ್ದ ಅದೇ ಬಾಗಿಲನ್ನು ಹೊರಗಿನಿಂದ. ಕಳಕವ್ವ ಮತ್ತೆ ಕರೆದಳು. 'ಕಾಲ ಜೋಮ ಹಿಡದಾವಕ್ಕಾ, ಬಿಡಲಿ,' ಎಂದಳು ಅಮೃತವ್ವ. ಜೋಮು ಬಿಟ್ಟು ಆಗಲೇ ಬಹಳ ಹೊತ್ತಾಗಿರಬೇಕು. ಸ್ಟ್ಯಾಂ‌ಡ್ ಬಿಚ್ಚಿಸಿದ ಸೈಕಲ್, ಕೈಬಿಟ್ಟರೆ ಅವಳ ಮೇಲೇ ಬೀಳುತ್ತದೆ. ಸಕ್ರಪ್ಪ ಹ್ಯಾಂಡಲ್ ಹಿಡಿದು ಬಿಸಿಲಿನಲ್ಲಿ ನಿಂತೇ ಇದ್ದ.